ಮಡಿಸೀರೆಯನ್ನು ಮುಟ್ಟಿದ ಗಾಳಿ

ನಮ್ಮ ಮನೆಯಲ್ಲೊಂದು ಬಿದಿರುಕೋಲಿದೆ. ಬೆಳಿಗ್ಗೆ ಅಜ್ಜಿ ಹಿಂಡಿದ ಮಡಿಸೀರೆಯನ್ನು ಅದರ ತುದಿಗೇರಿಸಿ, ಬಾಲ್ಕನಿಯ ಮೇಲ್ಗಡೆ ಕಟ್ಟಿದ ಗಳುವಿನ ಮೇಲೆ ಯಾರ ಕೈಗೂ ಎಟುಕದಂತೆ ಹರವುತ್ತಿದ್ದರು. ಮರುದಿನ ಅದನ್ನುಟ್ಟು ನೈವೇದ್ಯಕ್ಕೆ ಅಡುಗೆ ಮಾಡುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ನಾವು ಮುಟ್ಟುವುದಿಲ್ಲ, ನಿಜ. ಆದರೆ ಬನಶಂಕರಿಯ ನಮ್ಮ ಬೀದಿಯ ತುದಿಯಲ್ಲೇ ಮೇಲ್ಸೇತುವೆ. ಅದರಡಿ ಸಿಗ್ನಲ್ಲಿಗೆ ಕಾಯುವ ಬಸ್ಸು ಲಾರಿಗಳ ಹೊಗೆಗೆ ನಮ್ಮ ಮನೆಯ ಆಚಾರ ತಿಳಿಯದು. ಸಂಜೆಗೆ ಸೀರೆಯ ಅಂಚಿನಲ್ಲಿ ಮಾಸಲು ಬಣ್ಣ ಕೂತಿರುತ್ತಿತ್ತು. ಅದೇ ಅಜ್ಜಿಯ ಎದೆಯೊಳಗೂ ಕೂತಿದೆಯೆಂದು ಡಾಕ್ಟರು ಬೇರೆ ಮಾತುಗಳಲ್ಲಿ ಹೇಳಿದ್ದರು. ಇನ್ನೊಂದು ಚಳಿಗಾಲ ಈ ಗಾಳಿಯಲ್ಲಿ ಬೇಡವೆಂದೂ.

ತಾರೀಖು ಹಾಕಿ ಡೈರಿ ಬರೆಯುವುದು ನನ್ನ ಚಟ. ಅಜ್ಜಿ ಕೆಮ್ಮಿದ ದಿನಕ್ಕೊಂದು ಗೆರೆ ಎಳೆಯುತ್ತಿದ್ದವಳು, ಗೆರೆಗಳು ಒತ್ತೊತ್ತಾಗಿ ಬೇಲಿಯಂತೆ ಕಾಣತೊಡಗಿದಾಗ ಹೆದರಿದೆ. ಹೆದರಿಕೆಗೆ ಮದ್ದು ಸಿಕ್ಕಿದ್ದು ಮೇಲ್ಸೇತುವೆಯ ಕಂಬದ ಮೇಲೆ. ನಮ್ಮ ಬೀದಿಯ ಶ್ವೇತಾ, ಚಿತ್ರಕಲೆ ಓದಿದವಳು, ಅಲ್ಲಿ ಬೆಟ್ಟಗಳ ಸಾಲು ಬರೆದಿದ್ದಳು: ನೀಲಿ ಶಿಖರಗಳು, ಕಣಿವೆಯಲ್ಲಿ ಹಾಲಿನಂಥ ಮಂಜು. ಕೆಂಪು ದೀಪಕ್ಕೆ ನಿಂತವರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಆ ಬೆಟ್ಟವನ್ನು ನೋಡುತ್ತಿದ್ದರು. ನಾನೂ ನೋಡಿದೆ, ನಂಬಿದೆ, ನೀವಾಗಿದ್ದರೂ ನಂಬುತ್ತಿದ್ದಿರಿ. ಚಿಕ್ಕಮ್ಮ ಇರುವುದು ಅಂಥದೇ ಬೆಟ್ಟದೂರಿನಲ್ಲಿ. ಅಜ್ಜಿ ಇನ್ನು ಅಲ್ಲೇ ಇರಲಿ ಎಂದು ಹಟ ಹಿಡಿದವಳು ನಾನು.

ಡಿಸೆಂಬರಿನಲ್ಲಿ ಕೋಲಿನ ಸಮೇತ ಅಜ್ಜಿಯನ್ನು ಕರೆದುಕೊಂಡು ಹೋದೆ. ಘಾಟಿಯ ತಿರುವುಗಳಲ್ಲಿ ಪ್ರವಾಸಿಗರ ಕಾರುಗಳು ಒಂದರ ಹಿಂದೊಂದು ಏದುತ್ತಿದ್ದವು. ಇಳಿಜಾರಿನಲ್ಲಿ ಕಸದ ರಾಶಿ ಹೊಗೆಯಾಡುತ್ತಿತ್ತು. ರಜೆಯ ಗದ್ದಲವೆಂದುಕೊಂಡೆ. ಚಿಕ್ಕಮ್ಮನ ಮನೆ ಬಟ್ಟಲಿನಂಥ ಕಣಿವೆಯ ತಳದಲ್ಲಿ. ಮೊದಲ ಬೆಳಿಗ್ಗೆ ಅಜ್ಜಿ ಸೀರೆ ಹರವಿದರು. ಮರುದಿನ ಅದರ ಕೆಳಗೆ ನಿಂತು ನನ್ನನ್ನು ಕರೆದರು.

“ಮುಟ್ಟಬೇಡ. ಮೂಸಿ ಹೇಳು.”

ತುದಿಗಾಲಲ್ಲಿ ನಿಂತು ಮೂಸಿದೆ. ಸೌದೆ, ಸುಟ್ಟ ಪ್ಲಾಸ್ಟಿಕ್ಕು, ಡೀಸೆಲ್ಲು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ, “ಅದು ಮಂಜು ಕಣಮ್ಮ, ಇಲ್ಲಿ ಚಳಿಗಾಲ ಹೀಗೇ,” ಎಂದರು.

“ಮಂಜಿಗೆ ವಾಸನೆ ಎಲ್ಲಿರತ್ತೆ, ರಾಧಾ?” ಅಜ್ಜಿ ಚಿಕ್ಕಮ್ಮನತ್ತ ತಿರುಗಿದರು.

ಅಜ್ಜಿಯ ಮುಂದಿನ ಮಾತು ಕೆಮ್ಮಿನಲ್ಲಿ ಮುಳುಗಿತು. ಚಳಿಯ ಗಾಳಿ ಕಣಿವೆಯ ತಳಕ್ಕಿಳಿದು, ಅದರ ಮೇಲೆ ಬೆಚ್ಚಗಿನ ಪದರವೊಂದು ಮುಚ್ಚಳದಂತೆ ಕೂತರೆ, ನೀರೊಲೆಗಳ, ಲಾಡ್ಜುಗಳ, ಕಸದ ಹೊಗೆಯೆಲ್ಲ ದಾರಿ ಕಾಣದೆ ಅಲ್ಲೇ ಉಳಿಯುತ್ತದೆಂದು ಆಮೇಲೆ ಓದಿ ತಿಳಿದೆ. ಆಗ ಕಂಡದ್ದು ಅಜ್ಜಿಯ ತುಟಿಗೆ ಏರುತ್ತಿದ್ದ ನೀಲಿಯಷ್ಟೇ. ಇನ್‌ಹೇಲರನ್ನು ಅವರ ಬಾಯಿಗೆ ಹಿಡಿದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಆ ಖಾಲಿ ಜಾಗದಲ್ಲಿ ನಾನು ಯಾವ ಲೆಕ್ಕವನ್ನೂ ಇಡಲಿಲ್ಲ. ಉಸಿರು ಹದಕ್ಕೆ ಬಂದಾಗ ಅಜ್ಜಿ ಕೋಲಿಗೆ ಕೈಚಾಚಿದರು.

“ನಡಿ, ಮನೆಗೆ ಹೋಗೋಣ. ಅಲ್ಲಿ ಹೊಗೆಗೆ ಹೊಗೆ ಅಂತಾದ್ರೂ ಅಂತೀವಿ.”

ಬೆಂಗಳೂರಿನಲ್ಲಿ ಆಟೋ ಅದೇ ಸಿಗ್ನಲ್ಲಿನಲ್ಲಿ ನಿಂತಿತು. ಏಣಿಯ ಮೇಲೆ ಶ್ವೇತಾ, ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ. ಅವಳ ಮಂಜಿನ ಮೇಲೆ ರಸ್ತೆ ತನ್ನ ಮಸಿಯನ್ನು ಪದರ ಪದರವಾಗಿ ಬಳಿದಿತ್ತು.

“ಮಂಜು ಪೂರ್ತಿ ಕಪ್ಪಾಗಿದೆ ಅಜ್ಜಿ, ಬೆಳ್ಳಗೆ ಮಾಡ್ತಿದೀನಿ.”

“ಬಿಡಮ್ಮ, ಈಗ್ಲೇ ಸರಿಯಾಗಿರೋದು. ನೋಡ್ಕೊಂಡು ಬಂದೆ.”

ಶ್ವೇತಾ ನಗಲು ಹೋಗಿ, ಅಜ್ಜಿಯ ಮುಖ ನೋಡಿ ಡಬ್ಬಿಯ ಮುಚ್ಚಳ ಹಾಕಿದಳು. ಊರಿನ ಗೋಡೆಗಳಿಗೆ ನಾವು ನಮ್ಮ ಆಸೆಗಳನ್ನು ಬರೆಸುತ್ತೇವೆ. ಉಳಿದದ್ದನ್ನು ಊರೇ ಬರೆದು ಮುಗಿಸುತ್ತದೆ. ಕಂಬದ ಮೇಲೆ ಇಂದಿಗೂ ಅರ್ಧ ಮಂಜು ಬಿಳಿ, ಅರ್ಧ ಮಸಿ.

ಹಿಂದಿನ ಕೋಣೆ ಈಗ ಅಜ್ಜಿಯದು, ರಸ್ತೆಯ ಕಡೆಯದು ನನ್ನದು. ಗಳುವೂ ಒಳಗೆ ಬಂದಿದೆ. ಬೆಳಿಗ್ಗೆ ಅಜ್ಜಿ ಕರೆಯುತ್ತಾರೆ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಖವೆತ್ತಿ ಸೀರೆಯನ್ನು ಮೂಸುತ್ತೇನೆ. ಏನೂ ಇಲ್ಲ ಎನ್ನುವ ಆಸೆ ನಾಲಿಗೆಯ ತುದಿಯವರೆಗೆ ಬರುತ್ತದೆ.

“ಹೊಗೆ ಇದೆ ಅಜ್ಜಿ,” ಎನ್ನುತ್ತೇನೆ. ಅವರು ಎದ್ದು ಕಿಟಕಿ ಮುಚ್ಚುತ್ತಾರೆ.