ಎರಡು ಹೋಳಿನ ಮನೆಯಲ್ಲಿ ರೋಸ್

ಹೋದ ಶುಕ್ರವಾರ ದುಬೈಯ ಒಂದು ಪ್ರದರ್ಶನದಲ್ಲಿ ಮಾದರಿ ಮನೆಯ ಬಾಗಿಲು ತೆಗೆದದ್ದೇ ತಡ, ಬಿಸಿಲಿಗೆ ಕಾದ ಅಂಟಿನ ವಾಸನೆ ಮುಖಕ್ಕೆ ಹೊಡೆಯಿತು. ಒತ್ತಿದ ಮರದ ಪುಡಿ, ಫೋಮು, ಹೊಸ ವಿನೈಲ್. ಅದರ ಹಿಂದೆಯೇ ಇನ್ನೊಂದು ವಾಸನೆ ಬಂದಂತಾಯಿತು. ಆ ಹೊಸ ಮನೆಯಲ್ಲಿ ಇರಲು ಸಾಧ್ಯವೇ ಇಲ್ಲದ್ದು. ಹುಳಿತ ತೆಂಗಿನ ಹಾಲು...

ಮನೆ ತೋರಿಸುವ ಹುಡುಗ ಉಡುಪಿ ಕಡೆಯ ಬ್ಯಾರಿ. ನಾನು ಫೋನಿನಲ್ಲಿ ಅಮ್ಮನೊಡನೆ ಮಾತಾಡುವುದು ಕೇಳಿ ಇಂಗ್ಲಿಷ್ ಬಿಟ್ಟುಬಿಟ್ಟ.

“ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ಮನೆ ಇಲ್ಲದವರಿಗೆ ಫ್ಯಾಕ್ಟರಿಯಲ್ಲಿ ಮಾಡಿ ಲಾರಿಯಲ್ಲಿ ಕಳಿಸ್ತಿದ್ರಲ್ಲ ಅಕ್ಕ, ಅದೇ ಸ್ಟೈಲ್. ಚಪ್ಪಟೆ ಛಾವಣಿ, ಗೋಡೆಯಷ್ಟು ದೊಡ್ಡ ಕಿಟಕಿ. ಜೋಡಿಸಿದ ಗೆರೆ ಸಹ ಅಡಗಿಸ್ಲಿಲ್ಲ ನೋಡಿ. ಅದೇ ಇದರ ಚೆಂದ.”

ನೆಲದ ನಡುವೆ ಒಂದು ಅಲ್ಯೂಮಿನಿಯಂ ಪಟ್ಟಿ ಉದ್ದಕ್ಕೆ ಓಡಿತ್ತು. ನಾನು ಕಾಲು ಹಿಂದೆ ತೆಗೆದುಕೊಂಡೆ.

ಅಂಥದೇ ಪಟ್ಟಿ ನಮ್ಮ ಪಕ್ಕದ ಮನೆಯ ಆಂಟಿಯ ಹಾಲ್‌ನಲ್ಲಿತ್ತು. ಅದು ಅಬುಧಾಬಿಯ ಹೊರಗಿನ ಒಂದು ಕಂಪನಿ ಕಾಲೊನಿ. ನಾನಾಗ ಏಳನೇ ಕ್ಲಾಸು. ಡೈರಿ ಬರೆಯುವ ಅಭ್ಯಾಸ ಶುರುವಾಗಿತ್ತು. ಆಂಟಿ ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್, ಕಂಪನಿಯ ಆಸ್ಪತ್ರೆಯಲ್ಲಿ ನರ್ಸ್. ಕಾಲೊನಿಯ ಮನೆಗಳೆಲ್ಲ ಎರಡು ಹೋಳಾಗಿ ಟ್ರಕ್‌ನಲ್ಲಿ ಬಂದು, ಬೋಲ್ಟ್ ಬಿಗಿಸಿಕೊಂಡು ಒಂದಾದವು. ಹಿಂದೆಂದೋ ಬಿಳಿಯ ಎಂಜಿನಿಯರುಗಳಿಗಾಗಿ ತರಿಸಿ, ಅವರಿಗೆ ಬೇಡವಾದ ಮೇಲೆ ನಮಗೆ ಕೊಟ್ಟಿದ್ದರು. ಗೋಡೆಗೆ ಮೊಳೆ ಹೊಡೆದರೆ ಒಳಗೆ ಪೊಳ್ಳು. ಬಚ್ಚಲು ಒಂದೇ ಅಚ್ಚಿನಲ್ಲಿ ತೆಗೆದ ಪ್ಲಾಸ್ಟಿಕ್ ಡಬ್ಬಿ. ಮನೆಯಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲ, ಬಕೆಟ್ ನೀರಲ್ಲಿ ನೆಲ ತೊಳೆಯುವುದಿಲ್ಲ, ಯಾರ ತಲೆಗೂ ಏನೂ ಸುರಿಯುವುದಿಲ್ಲ ಎಂದು ನಂಬಿದವರು ಮಾಡಿದ ಮನೆ. ನನಗೆ ಆಗಲೇ ಅದನ್ನು ಕಂಡರೆ ಹೇಸಿಗೆ.

ಆಂಟಿಯ ಮಗಳಿಗೆ ಮದುವೆ ನಿಶ್ಚಯವಾಯಿತು. ಊರಿಗೆ ಹೋಗಲು ರಜೆ ಸಿಗದೆ, ಇಲ್ಲಿಯ ಇಗರ್ಜಿಯಲ್ಲೇ ಮದುವೆ. ಆದರೆ ಮುನ್ನಾದಿನದ ರೋಸ್, ಅಂದರೆ ಮದುಮಗಳಿಗೆ ಎಣ್ಣೆ ಹಚ್ಚಿ ತೆಂಗಿನ ಹಾಲು ಸುರಿದು ಮೀಯಿಸುವ ಶಾಸ್ತ್ರ, ತಾಯಿಯ ಮನೆಯಲ್ಲೇ ಆಗಬೇಕೆಂದು ಆಂಟಿಯ ಹಟ. ಹೊರಗೆ ಚಪ್ಪರ ಹಾಕುತ್ತೇವೆಂದರೆ ಕಾಲೊನಿಯ ಮೇಲ್ವಿಚಾರಕ “ಮಾಫಿ ಪಾರ್ಟಿ”, ಪಾರ್ಟಿಗೀರ್ಟಿ ಇಲ್ಲ, ಎಂದುಬಿಟ್ಟ. ಕೊನೆಗೆ ಹಾಲ್‌ನ ನಡುವೆ, ಆ ಪಟ್ಟಿಯ ಮೇಲೆಯೇ, ಟಾರ್ಪಾಲು ಹಾಸಿ ಮಣೆ ಇಟ್ಟರು.

“ಅಂಚು ಮಡಚಿ ಕಟ್ಟಿ ಮಾರಾಯ್ತಿ,” ಎಂದರು ನನ್ನ ಅಮ್ಮ.

“ಸ್ವಲ್ಪ ಹಾಲಿಗೆ ಮನೆ ಕರಗ್ತದಾ?” ಎಂದು ಆಂಟಿ ನಕ್ಕರು.

ಸ್ವಲ್ಪವಲ್ಲ. ಬಂದವರೆಲ್ಲ ಸುರಿದರು, ನಾನೂ ಸುರಿದೆ. ಹಾಡು, ಗದ್ದಲ, ತಮಾಷೆ... ಮಗಳ ಗಲ್ಲದಿಂದ ಹಾಲು ತೊಟ್ಟಿಕ್ಕುವಾಗ ಆಂಟಿ ಅಳುತ್ತಿದ್ದರು. ಯಾರದೋ ಕಾಲಿಗೆ ಸಿಕ್ಕಿ ಟಾರ್ಪಾಲು ಸರಿಯಿತು. ಹಾಲು ಪಟ್ಟಿಯ ಸಂದಿಯಲ್ಲಿ ಇಳಿದದ್ದು ಆ ಸಂಭ್ರಮದಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಮದುವೆ ಮುಗಿಯುವಷ್ಟರಲ್ಲಿ ವಾಸನೆ ಶುರುವಾಯಿತು. ಡೈರಿಯಲ್ಲಿ ನಾನು ಅದಕ್ಕೆ ಐದರಲ್ಲಿ ಅಂಕ ಕೊಡುತ್ತಿದ್ದೆ: ಎರಡು, ಮೂರು, ಆಮೇಲೆ ದಿನಾ ಐದು. ನೆಲದ ಹಲಗೆ ಚಹಾಕ್ಕೆ ಬಿದ್ದ ರಸ್ಕಿನಂತೆ ಉಬ್ಬಿತು. ಸಂದಿಯಿಂದ ಬಿಳಿ ಹುಳ ಹೊರಟವು. ಆಂಟಿ ಸುರಿದ ಫಿನಾಯಿಲೂ ಅದೇ ಸಂದಿಯಲ್ಲಿ ಇಳಿದು ಕೊಳೆಯಿತು. ಅವರಿಗೆ ಚಿಂತೆ ಒಂದೇ. ಮಗಳು ಗಂಡನ ಜೊತೆ ಮೊದಲ ಸಲ ತವರಿಗೆ ಊಟಕ್ಕೆ ಬರುವುದಿತ್ತು.

ಆ ದಿನ ಆಂಟಿ ಬೆಳಿಗ್ಗೆಯಿಂದ ಮೀನು ಹುರಿದರು, ಸಾಂಬ್ರಾಣಿ ಹಾಕಿದರು. ಏನೂ ಪ್ರಯೋಜನವಾಗಲಿಲ್ಲ. ಅಳಿಯ ಒಳಗೆ ಬಂದವನೇ ಮೂಗಿಗೆ ಕರವಸ್ತ್ರ ಹಿಡಿದ.

“ಇಲ್ಲೇನೋ ಸತ್ತಿರ್ಬೇಕು ಮಾಮಿ.”

“ಸತ್ತದ್ದು ಏನೂ ಇಲ್ಲ. ಅದು ನಿನ್ನ ಹೆಂಡತಿಯ ರೋಸ್,” ಎಂದರು ಆಂಟಿ.

ಮಗಳು ತಟ್ಟೆ ನೋಡುತ್ತ ಕೂತಳು. ಇಬ್ಬರೂ ಅರ್ಧ ಊಟಕ್ಕೆ ಎದ್ದರು.

ಮತ್ತಿನ ವಾರ ಕಂಪನಿಯವರು ಬಂದು ನೆಲ ಕಿತ್ತರು. ಆ ಹಲಗೆ ಈಗ ಯಾವ ಫ್ಯಾಕ್ಟರಿಯಲ್ಲೂ ಮಾಡುವುದಿಲ್ಲವಂತೆ. “ಖಲಾಸ್,” ಎಂದ ಮೇಲ್ವಿಚಾರಕ. ಕ್ರೇನು ಬಂದು ಬೋಲ್ಟ್ ಬಿಚ್ಚಿದ ಮನೆಯನ್ನು ಬಂದ ಹಾಗೆಯೇ ಎರಡು ಹೋಳಾಗಿ ಎತ್ತಿತು. ಕತ್ತರಿಸಿದ ಕೇಕಿನ ಹಾಗೆ ಒಳಭಾಗ ಕಾಣಿಸಿತು: ನೆಲದಡಿ ತುಂಬಿದ್ದ, ಈಗ ಕಪ್ಪಾದ ಹತ್ತಿ, ಹಳದಿ ಬೂಷ್ಟು. ನಾನು ಅಲ್ಲೇ ವಾಂತಿ ಮಾಡಿದೆ. ಆಂಟಿ ನನ್ನ ಬೆನ್ನು ಸವರುತ್ತ ಮೇಲಕ್ಕೇ ನೋಡುತ್ತಿದ್ದರು.

ಕಂಪನಿ ಬೇರೆ ಮನೆ ಕೊಡಲಿಲ್ಲ. ಆಮೇಲೆ ಅವರು ಕೆಲಸ ಬದಲಿಸಿ ಬರ್ ದುಬೈಯಲ್ಲಿ ಇನ್ನೊಂದು ಕುಟುಂಬದ ಜೊತೆ ಫ್ಲ್ಯಾಟ್ ಹಂಚಿಕೊಂಡರು. ಮಗಳು ಬಂದರೆ ಮಲಗಿಸಲು ಜಾಗವಿರಲಿಲ್ಲ. ತಾಯಿ ಮಗಳ ಭೇಟಿ ಯಾವುದಾದರೂ ಹೋಟೆಲಿನಲ್ಲಿ. ಬಾಣಂತನಕ್ಕೂ ಅವಳು ತವರಿಗೆ ಬರಲಿಲ್ಲ, ಬರಲು ತವರು ಇರಲಿಲ್ಲ. ಆಂಟಿ ತೀರಿಹೋಗಿ ಈಗ ಎರಡು ವರ್ಷವಾಯಿತು...

“ಅಕ್ಕ, ಹೇಗುಂಟು?” ಎಂದು ಕೇಳುತ್ತಿದ್ದ ಹುಡುಗ.

“ಈ ನೆಲಕ್ಕೆ ಒಂದು ಕೊಡ ತೆಂಗಿನ ಹಾಲು ಬಿದ್ದರೆ?”

ಅವನು ಜೋರಾಗಿ ನಕ್ಕ. “ಎಂಥದು ಅಕ್ಕ, ಇಂಥ ಮನೆಯಲ್ಲಿ ಹಾಲು ಯಾರು ಸುರೀತಾರೆ?”

“ಒಬ್ಬರಿದ್ದರು,” ಎಂದು ಹೇಳಿ, ಪಟ್ಟಿ ದಾಟಿ ಹೊರಗೆ ಬಂದೆ.