ತೂಕ ಕೇಳಿ ಬಾಗಿಲು ಕೂರಿಸುತ್ತಿದ್ದ ಕೇಶವಣ್ಣ

ಹಳೇ ಜೀಪಿಗೆ ಹಿಂಬಾಗಿಲು ಹಾಕಿಸಲು ಯಾರೇ ಹೋಗಲಿ, ಕೇಶವಣ್ಣ ಮೊದಲು ಗಾಡಿ ನೋಡುತ್ತಿರಲಿಲ್ಲ. "ಹಿಂದ್ಗಡೆ ಯಾರ್ ಯಾರು ಕೂತ್ಕೊಳ್ತಾರೆ? ಎಲ್ಲಾರ್ನೂ ಕರ್ಕೊಂಡ್ ಬನ್ನಿ. ಅಪ್ಪುರಂ, ಆಮೇಲೆ ಬಾಗ್ಲು," ಎನ್ನುತ್ತಿದ್ದರು.

ಪುದುಪೇಟೆಯ ಓಣಿಯೊಂದರಲ್ಲಿ ಅವರ ತಗಡಿನ ಶೆಡ್ಡು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ನೆಲೆಸಿದ ಕನ್ನಡದ ಮನೆಯವರು. ಮಾತಿನಲ್ಲಿ ಅರ್ಧ ತಮಿಳು. ಹಳೇ ಜೀಪಿನ ತಳ ತುಕ್ಕು ತಿಂದು ಸಡಿಲವಾಗಿರುತ್ತದೆ. ಖಾಲಿ ಗಾಡಿಗೆ ಅಳತೆ ಹಿಡಿದು ಕೂರಿಸಿದ ಬಾಗಿಲು, ಜನ ಹತ್ತಿದೊಡನೆ ತಳ ಬಗ್ಗಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಜನರನ್ನು ಒಳಗೆ ಕೂರಿಸಿಯೇ ಅವರು ಕೀಲಿನ ತೂತು ಕೊರೆಯುತ್ತಿದ್ದುದು. ಒಮ್ಮೆ ಸೌಕಾರ್‌ಪೇಟೆಯ ಬಟ್ಟೆ ವ್ಯಾಪಾರಿಯ ಇಡೀ ಸಂಸಾರವನ್ನು ಬಿಸಿಲಲ್ಲಿ ಅರ್ಧ ಗಂಟೆ ಕೂರಿಸಿದ್ದರು. ಮುದುಕಿ ತನ್ನ ಭಾಷೆಯಲ್ಲಿ ಶಾಪ ಹಾಕುತ್ತಿದ್ದರೆ ಇವರು, "ಪಾಟ್ಟಿ, ಆಡಾದೀಂಗ!" ಎಂದು, ಅಲ್ಲಾಡಬೇಡಿ ಅಂತ ಅವಳನ್ನೇ ಗದರಿದ್ದರು. ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನನ್ನ ಸರದಿ ಬಂದಾಗ ನಗು ಬರಲಿಲ್ಲ.

"ಹೆಂಡತಿ, ಮಗಳು. ಮೈಸೂರಲ್ಲಿದ್ದಾರೆ. ಮುಂದಿನ ತಿಂಗಳು ಬರ್ತಾರೆ," ಎಂದೆ. ಹಸಿ ಸುಳ್ಳು. ಹೆಂಡತಿ ನನ್ನನ್ನು ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ನುಂಗಂಬಾಕ್ಕಂನ ಆಫೀಸಿನಲ್ಲೂ ಇದನ್ನೇ ಹೇಳಿಕೊಂಡು ಬಂದಿದ್ದೆ. ಜೀಪು ಕೊಂಡಿದ್ದೂ ಆ ಸುಳ್ಳನ್ನು ನಾನೇ ನಂಬಲಿಕ್ಕೆ ಇರಬೇಕು.

"ಮಗು ಇದ್ರೆ ಕೆಳಕ್ಕೆ ಬೀಳೋ ಹಲಗೆ ಬೇಡ ಸಾರ್, ಕೈ ಜಾರಿದ್ರೆ ಬೆರಳು ಹೋಗತ್ತೆ. ಪಕ್ಕಕ್ಕೆ ತೆಗೆಯೋ ಬಾಗ್ಲೇ ಹಾಕೋಣ," ಎಂದರು. "ಅವ್ರು ಬರೋ ತನಕ ಮರಳು ಚೀಲ ಇಡ್ತೀನಿ. ತೂಕ ಎಷ್ಟು ಹೇಳಿ."

"ಹೆಂಡತಿ ಐವತ್ತೈದು. ಮಗಳು ಇಪ್ಪತ್ತು."

"ವಯಸ್ಸು?"

"ಹನ್ನೊಂದು."

ಕೇಶವಣ್ಣ ಸ್ಪ್ಯಾನರ್ ಕೆಳಗಿಟ್ಟರು. "ಹನ್ನೊಂದು ವರ್ಷದ ಹುಡುಗಿಗೆ ಇಪ್ಪತ್ತು ಕಿಲೋನಾ? ಕಡೇ ಸಲ ಯಾವಾಗ ಎತ್ಕೊಂಡ್ರಿ ಸಾರ್?"

ಏಳು ವರ್ಷದವಳನ್ನು ಎತ್ತಿಕೊಂಡಿದ್ದೇ ಕೊನೆ.

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ಪರವಾಗಿಲ್ಲ. ಫೋನ್ ಮಾಡಿ ಕೇಳ್ಕೊಂಡ್ ಬನ್ನಿ. ಸುಳ್ಳು ತೂಕಕ್ಕೆ ನಾನ್ ಬಾಗ್ಲು ಹಾಕಲ್ಲ."

ಮೈಯೆಲ್ಲ ಉರಿದುಹೋಯಿತು. ಇವರಿಗೇನು ಅಧಿಕಪ್ರಸಂಗ ಎಂದು ಬೈದುಕೊಂಡು ಹೊರಟುಬಂದೆ. ಎರಡು ತಿಂಗಳು ಹಿಂದುಗಡೆ ಹಗ್ಗ ಕಟ್ಟಿಕೊಂಡೇ ಜೀಪು ಓಡಿಸಿದೆ. ಭಾನುವಾರ ಒಬ್ಬನೇ ಬೀಚಿಗೆ ಹೋಗುವುದು, ಕಡಲೆ ತಿನ್ನುವುದು, ಒಬ್ಬನೇ ಬರುವುದು. ನನಗೆ ಯಾರೂ ಇರಲಿಲ್ಲ. ಅದು ಗೊತ್ತಿದ್ದುದು ಕೇಶವಣ್ಣನಿಗೆ ಮಾತ್ರ.

ಕೊನೆಗೊಂದು ಸಂಜೆ ಫೋನ್ ಮಾಡಿದೆ. ಹೆಂಡತಿ ನನ್ನ ದನಿ ಕೇಳಿದ್ದೇ ಮಗಳ ಕೈಗೆ ಕೊಟ್ಟಳು.

"ನಿನ್ನ ತೂಕ ಎಷ್ಟು ಪುಟ್ಟಿ?"

"ಮೂವತ್ತಾರು. ಯಾಕಪ್ಪಾ?"

ಜೀಪಿನ ವಿಷಯ ಹೇಳಿದೆ. "ನಾನೂ ಕೂರ್ತೀನಾ ಅದ್ರಲ್ಲಿ?" ಎಂದಳು.

ಮರುದಿನ ಆಫೀಸಿಗೆ ಚಕ್ಕರ್ ಹೊಡೆದು ಪುದುಪೇಟೆಗೆ ಓಡಿದೆ. ಶೆಡ್ಡಿಗೆ ಬೀಗ. ಪಕ್ಕದ ಟೀ ಅಂಗಡಿಯವನು, "ಪೋಯ್ಟಾರು ಸಾರ್, ಪೋನ ವಾರಂ," ಎಂದು ಎದೆ ಮುಟ್ಟಿ ತೋರಿಸಿದ. ಹೋದ ವಾರವೇ ತೀರಿಕೊಂಡಿದ್ದರು, ಎದೆನೋವಿನಿಂದ. ಆಮೇಲೆ ಹಗ್ಗ ಕಟ್ಟಿದ ನನ್ನ ಜೀಪನ್ನು ಗುರುತಿಸಿ, ಅಂಗಡಿಯ ಹಿಂದಿನಿಂದ ಒಂದು ಬಾಗಿಲು ಎಳೆದು ತಂದ. ಪಕ್ಕಕ್ಕೆ ತೆಗೆಯುವಂಥದ್ದು, ಅಂಚು ಉಜ್ಜಿ ಬಣ್ಣ ಬಳಿದು ಸಿದ್ಧ ಮಾಡಿದ್ದರು. ಕೀಲಿನ ತೂತುಗಳನ್ನು ಮಾತ್ರ ಕೊರೆದಿರಲಿಲ್ಲ. ಒಳಮೈಯಲ್ಲಿ ಸೀಮೆಸುಣ್ಣದಿಂದ ನನ್ನ ಹೆಸರು, ಅದರ ಕೆಳಗೆ 'ಮಗು' ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದರು.

"ಮೂವತ್ತಾರು," ಎಂದೆ, ಟೀ ಅಂಗಡಿಯವನಿಗೇ. ಅವನಿಗೆ ಕನ್ನಡ ಬರುತ್ತಿರಲಿಲ್ಲ.