ಮೂವತ್ತರ ಬೋರ್ಡು

ದೆವ್ವ, ಶಕುನ, ಮುನ್ಸೂಚನೆ ಎಂದವರನ್ನೆಲ್ಲ ಗೇಲಿ ಮಾಡಿದವನು ನಾನು. ದಿಲ್ಲಿಯ ಸರ್ಕಾರಿ ಕಚೇರಿಯಲ್ಲಿ ಫೈಲು ನೋಡಿಯೇ ತಲೆ ನರೆತವನಿಗೆ ಕಾಗದದಲ್ಲಿಲ್ಲದ್ದು ಎಲ್ಲೂ ಇಲ್ಲ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಒತ್ತಾಯವೂ ನನ್ನದಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ರಸ್ತೆಗಳ ವೇಗಮಿತಿಯ ಫೈಲುಗಳು ನನ್ನ ಮೇಜಿಗೆ ಬರುತ್ತಿದ್ದವು. ದಿಲ್ಲಿಗೆ ಹತ್ತಿರದ ಮಾನೇಸರ್ ಆಚೆಯ ಹಳ್ಳಿಯೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ಅರ್ಜಿ ಹಿಡಿದು ಮೂರು ಸಲ ಬಂದರು. ಹೆದ್ದಾರಿ ಅವರ ಊರನ್ನು ಸೀಳಿಕೊಂಡು ಹೋಗುತ್ತಿತ್ತು.

"ಸಾಬ್, ಗಾಡಿಯವರಿಗೆ ಅದು ಹೈವೇ. ನಮಗೆ ಮನೆ ಮುಂದಿನ ಗಲ್ಲಿ. ಊರು ದಾಟುವಷ್ಟು ದೂರ ಮಾತ್ರ ವೇಗ ಮೂವತ್ತು ಮಾಡಿಕೊಡಿ" ಎಂದರು.

ನಾನು ಹಳೆಯ ಫೈಲೊಂದರ ಟಿಪ್ಪಣಿಯನ್ನೇ ನಕಲು ಮಾಡಿ, ಒಂದೇ ದರ್ಜೆಯ ರಸ್ತೆಗೆ ಒಂದೇ ಮಿತಿ, ಎಂಬತ್ತೇ ಇರಲಿ ಎಂದು ಬರೆದೆ. ಮೇಲಿನವರು ಸಹಿ ಹಾಕಿದರು. ಆ ರಸ್ತೆಯನ್ನು ನಾನು ಕಣ್ಣಾರೆ ಕಂಡೇ ಇರಲಿಲ್ಲ.

ಮುಂದಿನ ಜನವರಿಯ ಒಂದು ಭಾನುವಾರ ಬೆಳಿಗ್ಗೆ, ಆರ್.ಕೆ.ಪುರಂನ ಮನೆಯಿಂದ ಹೆಂಡತಿಯೊಡನೆ ಅದೇ ದಾರಿಯಲ್ಲಿ ಹೊರಟಿದ್ದೆ. ಮಂಜು ಕರಗಿತೆಂದು ವೇಗ ಹೆಚ್ಚಿಸಿದೆ. ಥಟ್ಟನೆ ಮತ್ತೆ ಕವಿಯಿತು. ಆಗಲೇ ಎಡಗಡೆ ಬೋರ್ಡು ಕಂಡಿತು. ಕೆಂಪು ಸುತ್ತಿನ ನಡುವೆ ಮೂವತ್ತು. ಕಾಲು ತಾನಾಗಿ ಬ್ರೇಕಿಗೆ ಹೋಯಿತು.

"ಯಾಕ್ರೀ, ಏನಾಯ್ತು?" ಎಂದಳು ಹೆಂಡತಿ.

"ಬೋರ್ಡು ನೋಡ್ಲಿಲ್ವಾ?"

"ಯಾವ ಬೋರ್ಡು?" ಎನ್ನುವಷ್ಟರಲ್ಲಿ ಹಾಲಿನ ಕ್ಯಾನು ಹಿಡಿದ ಮುದುಕಿಯೊಬ್ಬಳು ಕಾರಿನ ಮುಂದೆಯೇ ರಸ್ತೆ ದಾಟಿದಳು. ಕೂದಲೆಳೆಯ ಅಂತರದಲ್ಲಿ ಉಳಿದಳು.

ಇಳಿದು ಹಿಂದಕ್ಕೆ ನಡೆದು ನೋಡಿದೆ. ಬೋರ್ಡಿಲ್ಲ, ಕಂಬವಿಲ್ಲ, ಕಂಬ ನೆಟ್ಟ ಗುಳಿಯೂ ಇಲ್ಲ. ಸಾಸಿವೆ ಹೊಲ, ಅಷ್ಟೇ. ಬ್ರೇಕಿನ ಸದ್ದಿಗೆ ಮನೆಯಿಂದ ಹೊರಬಂದವರು ಅದೇ ಮೇಷ್ಟ್ರು. ಮುದುಕಿ ಅವರ ಹೆಂಡತಿ.

"ಅಚ್ಛಾ, ಸಾಬ್! ರಜಾ ದಿನದಲ್ಲೂ ಖುದ್ದಾಗಿ ನೋಡೋಕೆ ಬಂದ್ರಾ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ನಾನು ಹೌದೆಂದೆ. ಆಕೆ ಮಾಡಿಕೊಟ್ಟ ಚಹಾವನ್ನೂ ಕುಡಿದೆ.

ಮುಗಿದ ಫೈಲನ್ನು ಮತ್ತೆ ತೆರೆಯಬೇಕಾದರೆ ಕಾರಣ ಬರೆಯಬೇಕು. ಇಲ್ಲದ ಬೋರ್ಡು ಕಂಡೆನೆಂದು ಬರೆಯಲೇ? ಸುಮ್ಮನೆ, ಹಿಂದೆ ಬರೆದದ್ದು ತಪ್ಪು ಎನ್ನಬಹುದಿತ್ತು. ಅದಕ್ಕೆ ನನ್ನ ಜಂಬ ಬಿಡಲಿಲ್ಲ. ನಾಳೆ, ನಾಡಿದ್ದು ಎಂದು ದಿನ ತಳ್ಳಿದೆ.

ಹೋಳಿ ಕಳೆದ ಮೇಲೆ ಮೇಷ್ಟ್ರ ಕಾಗದ ಬಂತು. ಅದೇ ಜಾಗದಲ್ಲಿ ಲಾರಿ ಬಡಿದು ಅವರ ಹೆಂಡತಿ ತೀರಿಕೊಂಡಿದ್ದರು. ಬೈಗುಳ ಒಂದೂ ಇರಲಿಲ್ಲ. 'ದೊಡ್ಡ ಸಾಬ್ ಬಂದು ನೋಡಿ ಹೋಗಿದ್ದಾರೆ, ಇನ್ನು ಭಯವಿಲ್ಲ ಎಂದು ಅವಳು ಊರಿಗೆಲ್ಲ ಹೇಳಿದ್ದಳು' ಎಂದು ಬರೆದಿದ್ದರು. ಓದಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಆ ಮಧ್ಯಾಹ್ನವೇ ಟಿಪ್ಪಣಿ ಬರೆದೆ. ನಾಲ್ಕು ಸಾಲು ಸಾಕಾಯಿತು. ಕೆಲವು ತಿಂಗಳಲ್ಲಿ ಅಲ್ಲಿ ನಿಜವಾದ ಬೋರ್ಡು ಬಂತು. ಅಂದು ನಾನು ಕಂಡದ್ದೇನು, ಪಕ್ಕದಲ್ಲೇ ಕೂತಿದ್ದ ಹೆಂಡತಿಗೆ ಅದೇಕೆ ಕಾಣಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಆ ಲಾರಿಯವನಿಗೂ ಅದು ಒಂದು ಸಲ ಕಾಣಬಾರದಿತ್ತೇ ಎಂದು ಎಷ್ಟೋ ಸಲ ಅನ್ನಿಸಿದೆ. ಹಾಗೆ ಕೇಳುವ ಮುಖ ಮಾತ್ರ ನನಗಿಲ್ಲ.